ಬೇರೆ ಬೇರೆ ಹಿನ್ನೆಲೆಯ ಮಕ್ಕಳ ಜೊತೆ ಮಾತಾಡುವುದನ್ನು ಟೀಚರ್ ಆಗುವ ಮುಂಚೆಯೇ ಕಲಿಯುವುದು ಹೇಗೆ?

ಹೊಸ ಟೀಚರ್

ಎಲ್ಲರಿಗೂ ನಮಸ್ಕಾರ. ಶಿಕ್ಷಕರ ತರಬೇತಿಯ ಕೊನೆಯ ವರ್ಷದಲ್ಲಿದ್ದೇನೆ. ಈ ಸಲ ನಮಗೆ ಅಂತರ್‌ಸಾಂಸ್ಕೃತಿಕ ಸಂವಹನ ಅಂತ ಒಂದು ಪೇಪರ್ ಇದೆ. ವಿಷಯ ನನಗೆ ತುಂಬಾ ಇಷ್ಟ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇಲ್ಲಿಯವರೆಗೆ ಪಾಠದಲ್ಲಿ ಬಂದದ್ದು ಜಾಸ್ತಿ ಪಟ್ಟಿಗಳೇ. ಈ ದೇಶದವರು ಮಾತಾಡುವಾಗ ಹತ್ತಿರ ನಿಲ್ಲುತ್ತಾರೆ, ಆ ದೇಶದವರು ದೂರ ನಿಲ್ಲುತ್ತಾರೆ. ಇವರು ಇದ್ದದ್ದನ್ನು ನೇರ ಹೇಳುತ್ತಾರೆ, ಅವರು ಸೂಚಿಸಿ ಬಿಡುತ್ತಾರೆ. ಎಡ್ವರ್ಡ್ ಹಾಲ್ ಅನ್ನುವ ಮಾನವಶಾಸ್ತ್ರಜ್ಞ ಹೇಳಿದ್ದು, ಹಾಫ್‌ಸ್ಟೆಡ್ ಅನ್ನುವ ಸಂಶೋಧಕ ದೇಶ ದೇಶಗಳ ಸಂಸ್ಕೃತಿಗೆ ಕೊಟ್ಟ ಅಂಕಗಳು, ಎಲ್ಲ ನೋಟ್ಸ್ ಆಗಿದೆ. ಪರೀಕ್ಷೆಗೆ ಸಾಕು. ಆದರೆ ಇನ್ನು ಸ್ವಲ್ಪ ದಿನಕ್ಕೆ ನನ್ನ ಮುಂದೆ ಕೂರುವವರು ಮಕ್ಕಳು, ಒಂದೇ ಕೋಣೆಯಲ್ಲಿ ಮೂರು ನಾಲ್ಕು ಮನೆಭಾಷೆ ಇರುವವರು, ಊರು ಬಿಟ್ಟು ಬಂದವರು, ಅಪ್ಪ ಅಮ್ಮ ಒಬ್ಬೊಬ್ಬರು ಒಂದೊಂದು ಕಡೆಯವರು ಆಗಿರುವವರು. ಅವರಿಗೆ ಈ ಪಟ್ಟಿ ಎಲ್ಲಿ ಹೊಂದುತ್ತದೆ?

ಅಭ್ಯಾಸ ಬೋಧನೆಗೆ ಹೋಗಿದ್ದಾಗ ಒಬ್ಬಳು ಹುಡುಗಿಯನ್ನು ನೋಡಿದೆ. ಹೆಸರು ಹಿಡಿದು ಪ್ರಶ್ನೆ ಕೇಳಿದರೆ ನೆಲ ನೋಡುತ್ತಾಳೆ. ಒಂದು ಮಾತಿಲ್ಲ. ಅದೇ ಪ್ರಶ್ನೆಗೆ ಬರೆಯಲು ಹೇಳಿದರೆ ಅರ್ಧ ಪುಟ ಸರಿಯಾಗಿ ಬರೆಯುತ್ತಾಳೆ. ಅಲ್ಲಿನ ಟೀಚರ್ ಅಂದರು, "ಅವರ ಕಡೆಯವರು ಹಾಗೇ, ಬಿಡಿ." ಬಿಡುವುದು ಹೇಗೆ? ಇದು ನಾಚಿಕೆಯಾ, ಭಾಷೆಯ ತೊಂದರೆಯಾ, ಮನೆಯಲ್ಲಿ ಕಲಿತ ರೀತಿಯಾ? ಇಂಥದ್ದನ್ನು ತಿಳಿಯುವುದು ಹೇಗೆ ಅಂತ ಕಲಿಸುವವರು ಯಾರು? ಅನುಭವ ಇರುವವರು ದಯವಿಟ್ಟು ಬರೆಯಿರಿ.

ಕಪ್ಪುಹಲಗೆ

ಒಳ್ಳೆಯ ಪ್ರಶ್ನೆ. ನಾನು ಬಹಳ ವರ್ಷದಿಂದ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ.

ಆ ಹುಡುಗಿಗಿಂತ ಮುಂಚೆ ಆ ತರಗತಿಯನ್ನು ನೋಡಬೇಕು. ಟೀಚರ್ ಪ್ರಶ್ನೆ ಕೇಳುತ್ತಾರೆ, ಒಬ್ಬರು ಎದ್ದು ಉತ್ತರ ಹೇಳುತ್ತಾರೆ, ಟೀಚರ್ "ಸರಿ" ಅಥವಾ "ತಪ್ಪು" ಅನ್ನುತ್ತಾರೆ. ಈ ಮೂರು ಹೆಜ್ಜೆ ನಮಗೆ ಎಷ್ಟು ರೂಢಿ ಆಗಿದೆ ಅಂದರೆ, ಅದು ಮಾತಾಡುವ ಒಂದು ರೀತಿ ಮಾತ್ರ ಅನ್ನುವುದೇ ಮರೆತು ಹೋಗಿದೆ. ಶಾಲೆಯ ಹೊರಗೆ ಯಾರಾದರೂ ಹೀಗೆ ಮಾತಾಡುತ್ತಾರಾ? ಉತ್ತರ ತನಗೆ ಗೊತ್ತಿದ್ದೂ ನಾಲ್ಕು ಜನರ ಮುಂದೆ ನಿಲ್ಲಿಸಿ ಕೇಳುವವರನ್ನು ನಾವು ಬೇರೆ ಎಲ್ಲೂ ಸಹಿಸುವುದಿಲ್ಲ. ಅಂದರೆ ತರಗತಿಗೂ ಒಂದು ಸಂಸ್ಕೃತಿ ಇದೆ. ಕೆಲವು ಮಕ್ಕಳಿಗೆ ಮನೆಯಿಂದಲೇ ಅದರ ಅಭ್ಯಾಸ ಇರುತ್ತದೆ, ಕೆಲವರಿಗೆ ಇರುವುದಿಲ್ಲ.

ಸೂಸನ್ ಫಿಲಿಪ್ಸ್ ಅನ್ನುವ ಸಂಶೋಧಕಿ ಅಮೆರಿಕದ ಆರೆಗನ್ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಅಲ್ಲಿನ ಮೂಲನಿವಾಸಿ ಮಕ್ಕಳ ತರಗತಿಗಳನ್ನು ಕೂತು ನೋಡಿದರು. 1972ರಲ್ಲಿ ಅದರ ಬಗ್ಗೆ ಬರೆದರು. ಎಲ್ಲರ ಮುಂದೆ ಒಬ್ಬೊಬ್ಬರನ್ನೇ ಕೇಳಿದರೆ ಆ ಮಕ್ಕಳು ಸುಮ್ಮನಿರುತ್ತಿದ್ದರು. ಅದೇ ಮಕ್ಕಳು ತಾವೇ ನಡೆಸುವ ಗುಂಪು ಕೆಲಸದಲ್ಲಿ ಧಾರಾಳವಾಗಿ ಮಾತಾಡುತ್ತಿದ್ದರು, ಟೀಚರ್ ಹತ್ತಿರ ಒಬ್ಬರೇ ಬಂದು ಕೇಳುವುದಕ್ಕೂ ಹಿಂಜರಿಯುತ್ತಿರಲಿಲ್ಲ. ಮನೆಯಲ್ಲಿ ಅವರು ದೊಡ್ಡವರು ಮಾಡುವುದನ್ನು ನೋಡಿ, ಒಬ್ಬರೇ ಮಾಡಿ ನೋಡಿ, ಕೈ ಕುದುರಿದ ಮೇಲೆ ತೋರಿಸುತ್ತಿದ್ದರು. ಬರದೆ ಇರುವುದನ್ನು ಎಲ್ಲರ ಎದುರು ಮಾಡಿ ತಪ್ಪುವ ರೂಢಿಯೇ ಅಲ್ಲಿ ಇರಲಿಲ್ಲ.

ನಿಮ್ಮ ಹುಡುಗಿಗೂ ಇದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಅವಳು ಯಾವಾಗ ಮಾತಾಡುತ್ತಾಳೆ ಅಂತ ನೋಡಿ. ಪಕ್ಕದವಳ ಜೊತೆ? ಆಟದ ಹೊತ್ತಲ್ಲಿ? ನೀವು ಬೆಂಚಿನ ಹತ್ತಿರ ಬಗ್ಗಿ ಕೇಳಿದಾಗ? ಸುಮ್ಮನಿರುವ ಜಾಗಕ್ಕಿಂತ ಮಾತಾಡುವ ಜಾಗ ಜಾಸ್ತಿ ಹೇಳಿಕೊಡುತ್ತದೆ.

ಮೂರನೇ ಬೆಂಚು

ಇದಕ್ಕೆ ಒಂದು ಸೇರಿಸುತ್ತೇನೆ. ಕಾಯುವುದು.

ಮೇರಿ ಬಡ್ ರೋ ಅನ್ನುವವರು 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ರೆಕಾರ್ಡಿಂಗ್ ಕೇಳಿ ಅಳೆದರು. ಪ್ರಶ್ನೆ ಕೇಳಿದ ಮೇಲೆ ಟೀಚರ್‌ಗಳು ಸರಾಸರಿ 1 ಸೆಕೆಂಡ್ ಅಷ್ಟೇ ಕಾಯುತ್ತಿದ್ದರು. ಆಮೇಲೆ ತಾವೇ ಉತ್ತರ ಹೇಳುವುದು, ಇಲ್ಲ ಇನ್ನೊಬ್ಬರನ್ನು ಕೇಳುವುದು. ಅದನ್ನು 3 ಸೆಕೆಂಡ್ ಅಥವಾ ಜಾಸ್ತಿ ಮಾಡಿದಾಗ ಉತ್ತರಗಳು ಉದ್ದ ಆದವು, "ಗೊತ್ತಿಲ್ಲ" ಅನ್ನುವುದು ಕಡಿಮೆ ಆಯಿತು, ಯಾವಾಗಲೂ ಸುಮ್ಮನಿರುವ ಮಕ್ಕಳೂ ಮಾತಾಡಿದರು.

ಈಗ ಶಾಲೆಯ ಭಾಷೆ ಮನೆಭಾಷೆ ಅಲ್ಲದ ಮಗುವನ್ನು ನೆನೆಸಿಕೊಳ್ಳಿ. ಅದು ಪ್ರಶ್ನೆ ಕೇಳಿಸಿಕೊಳ್ಳಬೇಕು, ಅರ್ಥ ಮಾಡಿಕೊಳ್ಳಬೇಕು, ಉತ್ತರ ಹುಡುಕಬೇಕು, ಆಮೇಲೆ ಆ ಉತ್ತರಕ್ಕೆ ಈ ಭಾಷೆಯ ಮಾತು ಜೋಡಿಸಬೇಕು. 1 ಸೆಕೆಂಡಿನಲ್ಲಿ ಇದು ಆಗುತ್ತದಾ?

3 ಸೆಕೆಂಡ್ ಕಾಯುವುದು ಹೇಳಿದಷ್ಟು ಸುಲಭ ಅಲ್ಲ. ನಿಂತು ನೋಡಿ. ಮೊದಲ ಸೆಕೆಂಡಿಗೆ ಮುಂದಿನ ಸಾಲಿನ ಎರಡು ಕೈ ಮೇಲೆ ಹೋಗುತ್ತದೆ. ನಿಮ್ಮ ಕಣ್ಣು ಆ ಕೈಗಳ ಕಡೆಗೇ ಓಡುತ್ತದೆ. ಎರಡನೇ ಸೆಕೆಂಡಿಗೆ ಕೋಣೆ ಮೌನ, ನಿಮಗೇ ಮುಜುಗರ, ಬಾಯಿಗೆ "ಸುಲಭ ಇದೆ, ಹೇಳಿ" ಅನ್ನುವ ಮಾತು ಬರುತ್ತದೆ. ಅದನ್ನು ನುಂಗಿಕೊಳ್ಳಬೇಕು. ಮೂರನೆಯದಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ತಲೆ ಎತ್ತುತ್ತಾರೆ, ತುಟಿ ಅಲ್ಲಾಡುತ್ತದೆ, ಕೈ ಮಾತ್ರ ಇನ್ನೂ ಡೆಸ್ಕಿನ ಮೇಲೇ ಇರುತ್ತದೆ. ಅವರನ್ನು ಆಗ ನೋಡಿದರೆ ಸಾಕು, ಹೆಸರು ಕೂಗುವುದೂ ಬೇಡ.

ಓದುಗ ಒಬ್ಬ

ಎಲ್ಲರೂ ಪಟ್ಟಿಯನ್ನು ಬೈಯುವುದು ನೋಡಿ ನಾನು ಸ್ವಲ್ಪ ಅದರ ಪರವಾಗಿ ಮಾತಾಡುತ್ತೇನೆ. ಏನೂ ಗೊತ್ತಿಲ್ಲದೆ ತರಗತಿಗೆ ಹೋಗುವುದಕ್ಕಿಂತ, "ಕಣ್ಣಲ್ಲಿ ಕಣ್ಣಿಟ್ಟು ನೋಡದೆ ಇರುವುದು ಕೆಲವು ಕಡೆ ಮರ್ಯಾದೆ" ಅಂತ ಗೊತ್ತಿದ್ದರೆ, ತಲೆ ಬಗ್ಗಿಸಿದ ಮಗುವಿನ ಮೇಲೆ ರೇಗುವ ಮುಂಚೆ ಒಂದು ಕ್ಷಣ ಯೋಚನೆ ಬರುತ್ತದೆ. ಅಷ್ಟು ಉಪಯೋಗ ಇದೆ.

ಆದರೆ ಪಟ್ಟಿ ಎಲ್ಲಿಂದ ಬಂತು ಅಂತ ತಿಳಿದಿರಬೇಕು. ಹಾಫ್‌ಸ್ಟೆಡ್ ಅಂಕಗಳಿಗೆ ಮೂಲ ಐಬಿಎಂ ಕಂಪನಿಯ ನೌಕರರು ತುಂಬಿದ ಪ್ರಶ್ನಾವಳಿಗಳು. 1967ರಿಂದ 1973ರ ನಡುವೆ ಒಂದು ಲಕ್ಷಕ್ಕೂ ಜಾಸ್ತಿ ಪ್ರಶ್ನಾವಳಿ ಸೇರಿಸಿದರು, 1980ರಲ್ಲಿ ಅದರ ಫಲಿತಾಂಶ ಪುಸ್ತಕವಾಗಿ ಬಂತು. ದೊಡ್ಡ ಕೆಲಸ, ಅನುಮಾನ ಇಲ್ಲ. ಆದರೆ ಅವರು ಒಂದೇ ಕಂಪನಿಯ ವಯಸ್ಕ ನೌಕರರು, ಮತ್ತೆ ಅಂಕ ಇರುವುದು ದೇಶದ ಸರಾಸರಿಗೆ. ದೇಶದ ಅಂಕವನ್ನು ಒಬ್ಬ ವ್ಯಕ್ತಿಗೆ ಹಚ್ಚಬಾರದು ಅಂತ ಹಾಫ್‌ಸ್ಟೆಡ್ ಅವರೇ ಎಚ್ಚರಿಸಿದ್ದರು. ಐವತ್ತು ವರ್ಷ ಕಳೆದ ಮೇಲೆ ಅದನ್ನು ಎಂಟು ವರ್ಷದ ಮಗುವಿಗೆ ಹಚ್ಚಿದರೆ ತಪ್ಪು ಹಚ್ಚಿದವರದು.

ಪಟ್ಟಿಯಿಂದ ಒಂದು ಊಹೆ ತೆಗೆದುಕೊಳ್ಳಿ. ಮಗುವನ್ನು ನೋಡಿ ಆ ಊಹೆ ಸರಿಯಾ ಅಂತ ಪರೀಕ್ಷಿಸಿ. ಸುಳ್ಳಾದರೆ ಅಲ್ಲೇ ಬಿಡಿ.

ಎರಡು ಮನೆಭಾಷೆ

ನಾನು ಟೀಚರ್ ಅಲ್ಲ. ಆ ಹುಡುಗಿಯಂಥ ಮಗು ಆಗಿದ್ದವಳು, ಈಗ ಶಾಲೆಗೆ ಹೋಗುವ ಇಬ್ಬರು ಮಕ್ಕಳ ತಾಯಿ. ಅದಕ್ಕೆ ಬೇರೆ ಕಡೆಯಿಂದ ಹೇಳುತ್ತೇನೆ.

ನಮ್ಮ ಕುಟುಂಬ ಊರು ಬದಲಿಸಿದಾಗ ನಾನು ಹೊಸ ಭಾಷೆಯ ಶಾಲೆಗೆ ಸೇರಿದೆ. ಟೀಚರ್ ಒಳ್ಳೆಯವರು. ಒಂದು ದಿನ ಎಲ್ಲರ ಮುಂದೆ ನಿಲ್ಲಿಸಿ, "ನಿಮ್ಮವರು ಇದನ್ನು ಹೇಗೆ ಮಾಡುತ್ತಾರೆ, ಹೇಳು" ಅಂದರು. ಅವರ ಮನಸ್ಸಲ್ಲಿ ಇದ್ದದ್ದು ಗೌರವವೇ. ಆದರೆ ಆ ವಯಸ್ಸಿಗೆ "ನಮ್ಮವರು" ಅಂದರೆ ನನಗೆ ಅಪ್ಪ, ಅಮ್ಮ, ಅಜ್ಜಿ ಮೂರೇ ಜನ. ಇಡೀ ಸಮುದಾಯದ ಪರವಾಗಿ ನಾನು ಏನು ಹೇಳಲಿ? ಅಲ್ಲಿಯವರೆಗೆ ಎಲ್ಲರ ಹಾಗೆ ಇದ್ದವಳು ಆ ದಿನದಿಂದ ತರಗತಿಯಲ್ಲಿ "ಹೊರಗಿನವಳು" ಆಗಿಬಿಟ್ಟೆ. ಮಗುವಿಗೆ ಹೇಳಬೇಕು ಅನಿಸಿದರೆ ಅದೇ ಹೇಳುತ್ತದೆ. ಅದಕ್ಕೆ ಜಾಗ ಇಡಿ, ಎಳೆದು ನಿಲ್ಲಿಸಬೇಡಿ.

ಇನ್ನೊಂದು ಮಾತು. ನಾನು ಬೇಗ ಆಟದ ಭಾಷೆ ಕಲಿತೆ. ಜಗಳ ಆಡುವಷ್ಟು, ನಗಿಸುವಷ್ಟು ಬರುತ್ತಿತ್ತು. ಆದರೆ ಸಮಾಜ ಪಾಠದ ಪ್ರಶ್ನೆಗೆ ಉತ್ತರ ಬರೆಯಲು ಆಗುತ್ತಿರಲಿಲ್ಲ. "ಬಾಯಿ ಜೋರಿದೆ, ಓದಲ್ಲಿ ಸೋಮಾರಿ" ಅಂತ ಮನೆಗೆ ದೂರು ಬಂತು. ಸೋಮಾರಿ ಆಗಿರಲಿಲ್ಲ. ರಾತ್ರಿ ಪುಸ್ತಕ ಇಟ್ಟುಕೊಂಡು ಅಳುತ್ತಿದ್ದೆ.

ಪಾಠ ಯೋಜನೆ

ಮೇಡಂ, ನೀವು ಹೇಳಿದ್ದನ್ನು ಜಿಮ್ ಕಮಿನ್ಸ್ ಅನ್ನುವ ಸಂಶೋಧಕ 1979ರಲ್ಲೇ ಬಿಡಿಸಿ ಹೇಳಿದ್ದಾರೆ. ಮಾತುಕತೆಯ ಭಾಷೆ ಬೇರೆ, ಪಾಠದ ಭಾಷೆ ಬೇರೆ. ಹೊಸ ಭಾಷೆಯಲ್ಲಿ ಮಾತುಕತೆ ಸುಮಾರು 2 ವರ್ಷಕ್ಕೆ ಕೈಗೆ ಬರುತ್ತದೆ. ಪಾಠದ ಭಾಷೆಯಲ್ಲಿ ಆ ಭಾಷೆಯ ಮಕ್ಕಳಿಗೆ ಸಮ ಆಗಲು 5ರಿಂದ 7 ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಮಧ್ಯದ ಆ ವರ್ಷಗಳಲ್ಲೇ ಎಷ್ಟೋ ಮಕ್ಕಳಿಗೆ "ದಡ್ಡ", "ಸೋಮಾರಿ" ಅನ್ನುವ ಹೆಸರು ಬೀಳುತ್ತದೆ.

ನಾನು ಶಿಕ್ಷಕರ ತರಬೇತಿಯಲ್ಲಿ ಪಾಠ ಮಾಡುವವನು. ಹೊಸ ಟೀಚರ್ ಅವರ ಕಾಲೇಜಿನವನಲ್ಲ. ಅವರು ಕೇಳಿದ್ದು "ಹೇಗೆ ಕಲಿಯುವುದು" ಅಂತ, ಅದಕ್ಕೆ ಬರುತ್ತೇನೆ.

ಮೈಕೆಲ್ ಬೈರಮ್ ಅನ್ನುವವರು 1997ರಲ್ಲಿ ಬೇರೆ ಸಂಸ್ಕೃತಿಯವರ ಜೊತೆ ಮಾತಾಡುವ ಸಾಮರ್ಥ್ಯವನ್ನು ಐದು ಭಾಗ ಮಾಡಿದರು. ಕುತೂಹಲದ, ತೆರೆದ ಮನೋಭಾವ, ತಿಳಿವಳಿಕೆ, ಅರ್ಥೈಸಿ ಹೋಲಿಸಿ ನೋಡುವ ಕೌಶಲ, ಮಾತಾಡುತ್ತಲೇ ಹೊಸದನ್ನು ಕಂಡುಕೊಳ್ಳುವ ಕೌಶಲ, ತನ್ನದನ್ನೂ ಇನ್ನೊಬ್ಬರದನ್ನೂ ವಿಮರ್ಶೆಯಿಂದ ನೋಡುವ ಅರಿವು. ತಿಳಿವಳಿಕೆ ಐದರಲ್ಲಿ ಒಂದು ಅಷ್ಟೇ. ಪರೀಕ್ಷೆ ಮಾಡಲು ಸುಲಭ ಅಂತ ನಾವು ಅದನ್ನೇ ಜಾಸ್ತಿ ಕಲಿಸುತ್ತೇವೆ, ಇದು ನಮ್ಮ ಕೋರ್ಸುಗಳ ದೊಡ್ಡ ಕೊರತೆ. ನಾಲ್ಕನೆಯದು ಟೀಚರ್‌ಗೆ ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಮುಂದಿನ ವರ್ಷ ಯಾವ ಹಿನ್ನೆಲೆಯ ಮಗು ಬರುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಅದಕ್ಕೆ ಒಂದು ಹಳೆಯ ಅಭ್ಯಾಸ ಇದೆ. ಕಂಡದ್ದನ್ನು ಮೂರಾಗಿ ಬೇರೆ ಮಾಡಿ ಬರೆಯುವುದು. ಮೊದಲು ಕಂಡದ್ದು, ಕೇಳಿದ್ದು ಮಾತ್ರ. ಆಮೇಲೆ ಅದಕ್ಕೆ ಇರಬಹುದಾದ ಅರ್ಥಗಳು. ಕೊನೆಗೆ ನನಗೆ ಏನನಿಸಿತು ಅನ್ನುವುದು. ಆ ಹುಡುಗಿಯನ್ನೇ ತೆಗೆದುಕೊಳ್ಳೋಣ.

ನನ್ನ ವಿದ್ಯಾರ್ಥಿಗಳಿಗೆ ಕೊಟ್ಟರೆ ಮೊದಲ ಸಾಲು ಹೀಗೆ ಬರೆಯುತ್ತಾರೆ: "ಹುಡುಗಿ ನಾಚಿಕೊಂಡು ಉತ್ತರ ಹೇಳಲಿಲ್ಲ." ನಾಚಿಕೆ ಕಣ್ಣಿಗೆ ಕಾಣುವುದಿಲ್ಲ, ಅದು ಆಗಲೇ ಅರ್ಥ. ಹೊಡೆದು ಹಾಕಿ ಮತ್ತೆ ಬರೆಸುತ್ತೇನೆ. "ಟೀಚರ್ ಹೆಸರು ಕರೆದರು. ಅವಳು ಎದ್ದು ನಿಂತಳು. ನೆಲ ನೋಡಿದಳು. ಬಲಗೈಯಲ್ಲಿ ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದಳು. ಹಿಂದಿನಿಂದ ಯಾರೋ ಉತ್ತರ ಹೇಳಿದರು. ಟೀಚರ್ ಅದನ್ನೇ ತೆಗೆದುಕೊಂಡರು. ಅವಳು ಕೂತಳು." ಈಗ ನೋಡಿ, ಮೊದಲ ಬರಹದಲ್ಲಿ ಇಲ್ಲದ ಇಬ್ಬರು ಇಲ್ಲಿ ಬಂದರು, ಹಿಂದಿನಿಂದ ಕೂಗಿದವರು ಮತ್ತು ಟೀಚರ್. ಅವಳಿಗೆ ಹೇಳಲು ಸಮಯವೇ ಸಿಗಲಿಲ್ಲ ಅನ್ನುವ ಸಾಧ್ಯತೆ ಈಗ ಕಾಣುತ್ತದೆ.

ಎರಡನೇ ಭಾಗದಲ್ಲಿ ಕಡಿಮೆ ಅಂದರೂ ಮೂರು ಅರ್ಥ ಬರೆಯಲೇಬೇಕು ಅನ್ನುವುದು ನನ್ನ ನಿಯಮ. ಮೂರನೆಯದು ಬರೆಯುವಾಗ ಎಲ್ಲರೂ ಒದ್ದಾಡುತ್ತಾರೆ. ಕಲಿಕೆ ಆಗುವುದು ಅಲ್ಲೇ.

ಹೊಸ ಟೀಚರ್

ಸರ್, ಇದು ತುಂಬಾ ಉಪಯೋಗ ಆಯಿತು. ಪೆನ್ನಿನ ಮುಚ್ಚಳ ಓದಿದ ಕೂಡಲೇ ನನ್ನ ನೋಟ್ಸ್ ತೆಗೆದು ನೋಡಿದೆ. ಅದರಲ್ಲಿ ಇರುವುದೆಲ್ಲ "ಆಸಕ್ತಿ ಇಲ್ಲ", "ಚುರುಕು", "ಗಲಾಟೆ" ಇಂಥವೇ. ಒಂದು ಪುಟವನ್ನು ಮತ್ತೆ ಬರೆಯಲು ಕೂತಿದ್ದೇನೆ.

ಒಂದು ಅನುಮಾನ. ನಮ್ಮ ಜೊತೆಯವರಲ್ಲಿ ಕೆಲವರು ಹೇಳುತ್ತಾರೆ, "ನನಗೆ ಮಕ್ಕಳೆಲ್ಲ ಒಂದೇ. ಯಾರು ಯಾವ ಕಡೆಯವರು ಅಂತ ನಾನು ನೋಡುವುದೇ ಇಲ್ಲ. ಅದೇ ಸಮಾನತೆ." ಕೇಳಲು ಚೆನ್ನಾಗಿದೆ. ಆದರೂ ಎಲ್ಲೋ ಸರಿ ಕಾಣುತ್ತಿಲ್ಲ.

ಪಾಠ ಯೋಜನೆ

ಸಂಸ್ಕೃತಿಗಳ ವ್ಯತ್ಯಾಸವನ್ನು ಜನ ಹೇಗೆ ನೋಡುತ್ತಾರೆ ಅನ್ನುವುದಕ್ಕೆ ಮಿಲ್ಟನ್ ಬೆನೆಟ್ ಅನ್ನುವವರು 1986ರಲ್ಲಿ ಆರು ಹಂತ ಹೇಳಿದರು. ವ್ಯತ್ಯಾಸ ಇದೆ ಅಂತಲೇ ಒಪ್ಪದ ಹಂತದಿಂದ ಶುರು, ಬೇರೆ ರೀತಿಗಳು ತನ್ನ ಸ್ವಭಾವದಲ್ಲೇ ಸೇರಿಹೋಗುವ ಹಂತದವರೆಗೆ. "ಎಲ್ಲರೂ ಒಂದೇ" ಅನ್ನುವುದು ಮೂರನೇ ಹಂತ. ದ್ವೇಷಕ್ಕಿಂತ ಎಷ್ಟೋ ಮೇಲು. ಆದರೆ ಆ "ಒಂದೇ" ಅನ್ನುವುದರ ಅಳತೆ ಯಾರದು? ಹೇಳುವವರದೇ. ನನ್ನ ಹಾಗೆ ಮಾತಾಡುವ, ನನ್ನ ಹಾಗೆ ಕೂರುವ ಮಗು ಸಹಜ ಅನಿಸುತ್ತದೆ, ಉಳಿದವರು "ಸ್ವಲ್ಪ ತಿದ್ದಬೇಕು" ಅನಿಸುತ್ತದೆ. ನನ್ನ ತರಗತಿಗೆ ಬರುವವರಲ್ಲಿ ಜಾಸ್ತಿ ಜನ ಒಳ್ಳೆಯ ಮನಸ್ಸಿನಿಂದಲೇ ಇಲ್ಲಿ ನಿಂತಿರುತ್ತಾರೆ. ಒಳ್ಳೆಯ ಮನಸ್ಸಿದೆ ಅನ್ನುವ ಕಾರಣಕ್ಕೇ ಮುಂದಕ್ಕೆ ಹೋಗುವುದು ಕಷ್ಟ.

ಓದುಗ ಒಬ್ಬ

ಅಳತೆ ಯಾರದು ಅನ್ನುವುದಕ್ಕೆ ಶರ್ಲಿ ಬ್ರೈಸ್ ಹೀತ್ ಮಾಡಿದ ಕೆಲಸ ನೆನಪಾಯಿತು. ಅಮೆರಿಕದ ಕೆರೊಲಿನಾ ಭಾಗದಲ್ಲಿ ವರ್ಷಗಟ್ಟಲೆ ಮನೆಗಳಲ್ಲೂ ಶಾಲೆಗಳಲ್ಲೂ ಮಾತು ಕೇಳಿಸಿಕೊಂಡವರು. ಟೀಚರ್‌ಗಳು ತಮ್ಮ ಮನೆಯಲ್ಲಿ ಮಕ್ಕಳಿಗೆ "ಇದು ಯಾವ ಬಣ್ಣ?", "ಇದರ ಹೆಸರೇನು?" ಅಂತ ಕೇಳುತ್ತಿದ್ದರು, ಅಂದರೆ ಕೇಳುವವರಿಗೆ ಉತ್ತರ ಮೊದಲೇ ಗೊತ್ತು. ಹೀತ್ ನೋಡಿದ ಒಂದು ಕಪ್ಪು ಜನರ ಕಾರ್ಮಿಕ ಬಡಾವಣೆಯಲ್ಲಿ ಇಂಥ ಪ್ರಶ್ನೆ ಅಪರೂಪ. ಅಲ್ಲಿ ಮಕ್ಕಳಿಗೆ ಕೇಳುತ್ತಿದ್ದದ್ದು "ಇದು ಯಾವುದರ ಹಾಗಿದೆ?" ಅನ್ನುವಂಥ ಪ್ರಶ್ನೆ. ಆ ಮಕ್ಕಳು ಶಾಲೆಯಲ್ಲಿ ಸುಮ್ಮನೆ ಕೂರುತ್ತಿದ್ದರು. ಟೀಚರ್‌ಗಳು ಇದನ್ನು ತಿಳಿದು ಪಾಠದಲ್ಲಿ ಹೋಲಿಸುವ, ಕತೆ ಹೇಳಿಸುವ ಪ್ರಶ್ನೆ ಸೇರಿಸಿದಾಗ ಅದೇ ಮಕ್ಕಳು ಮಾತಿಗೆ ಬಂದರು. ಆಮೇಲೆ ಶಾಲೆಯ ರೀತಿಯ ಪ್ರಶ್ನೆಗಳನ್ನೂ ಬಿಡಿಸಿ ಕಲಿಸಿದರು. ಎರಡನೆಯದನ್ನು ಬಿಡಬಾರದು, ಯಾಕೆಂದರೆ ಮುಂದೆ ಪರೀಕ್ಷೆ ಇರುವುದು ಶಾಲೆಯ ರೀತಿಯಲ್ಲೇ.

ಮೂರನೇ ಬೆಂಚು

ಎಲ್ಲ ಕಡೆ ಪರಿಹಾರ ಕಾಯುವುದೇ ಅಂತ ಯಾರೂ ತಿಳಿಯಬೇಡಿ, ಮೇಲೆ ನಾನೇ ಅದನ್ನು ಹೇಳಿದ್ದರಿಂದ ಇದನ್ನೂ ಹೇಳಬೇಕು. ಹವಾಯಿಯಲ್ಲಿ ಮೂಲನಿವಾಸಿ ಮಕ್ಕಳ ಓದಿನ ತರಗತಿಗಳನ್ನು ಕ್ಯಾಥರಿನ್ ಔ ಅಧ್ಯಯನ ಮಾಡಿದರು. ಅಲ್ಲಿನ ಮಕ್ಕಳು ಮನೆಯಲ್ಲಿ ಕತೆ ಹೇಳುವಾಗ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಸೇರಿಸುತ್ತಾ, ಕೂಡಿ ಹೇಳುತ್ತಾರೆ. "ಒಬ್ಬೊಬ್ಬರೇ ಮಾತಾಡಿ" ಅಂದರೆ ತರಗತಿ ಸಪ್ಪೆ. ಟೀಚರ್ ಆ ಕೂಡು ಮಾತಿಗೆ ಅವಕಾಶ ಕೊಟ್ಟು, ಏನನ್ನು ಚರ್ಚಿಸಬೇಕು ಅನ್ನುವುದನ್ನು ಮಾತ್ರ ತಮ್ಮ ಕೈಯಲ್ಲಿ ಇಟ್ಟುಕೊಂಡಾಗ ಮಕ್ಕಳು ಪಾಠದ ಬಗ್ಗೆಯೇ ಜಾಸ್ತಿ ಮಾತಾಡಿದರು.

ಒಂದು ಕಡೆ ಮೌನಕ್ಕೆ ಜಾಗ ಬೇಕಿತ್ತು, ಇನ್ನೊಂದು ಕಡೆ ಗದ್ದಲಕ್ಕೆ. ಹೊರಗಿನಿಂದ ನೋಡಿದರೆ ಎರಡಕ್ಕೂ "ಶಿಸ್ತಿಲ್ಲ, ಆಸಕ್ತಿಯಿಲ್ಲ" ಅನ್ನುವ ಒಂದೇ ಷರಾ ಬೀಳುತ್ತಿತ್ತು.

ಐವತ್ತು ಮಕ್ಕಳು

ಎಲ್ಲ ಓದಿದೆ. ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಕೇಳುತ್ತೇನೆ. ಇದಕ್ಕೆಲ್ಲ ಸಮಯ ಎಲ್ಲಿದೆ? ತರಗತಿ ತುಂಬಾ ಮಕ್ಕಳು, ಮುಗಿಸಬೇಕಾದ ಪಾಠ, ತುಂಬಬೇಕಾದ ದಾಖಲೆ. ಒಬ್ಬೊಬ್ಬರ ಮನೆಯ ಮಾತಿನ ರೀತಿ ತಿಳಿಯಲು ಹೊರಟರೆ ವರ್ಷ ಮುಗಿಯುತ್ತದೆ. ತರಬೇತಿಯಲ್ಲಿ ಕನಸು ಕಟ್ಟಿಕೊಂಡು ಬಂದವರು ಮೊದಲ ವರ್ಷದಲ್ಲೇ ಸೋತು ಹೋಗುವುದನ್ನು ನೋಡಿದ್ದೇನೆ, ಆ ಕಾಳಜಿಯಿಂದ ಹೇಳುತ್ತಿದ್ದೇನೆ.

ಕಪ್ಪುಹಲಗೆ

ನಿಮ್ಮ ಕಾಳಜಿ ನಿಜವಾದದ್ದು. ನನ್ನದೂ ದೊಡ್ಡ ತರಗತಿಯೇ.

ಒಬ್ಬೊಬ್ಬರ ಮನೆ ಅಧ್ಯಯನ ಮಾಡಲು ಆಗುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ನಾನು ಬದಲಿಸಿದ್ದು ಪಾಠದಲ್ಲಿ ಮಾತಾಡುವ ದಾರಿಗಳನ್ನು. ದಿನಕ್ಕೆ ಒಂದು ಪ್ರಶ್ನೆಯಾದರೂ ಮೊದಲು ಎಲ್ಲರೂ ಬರೆಯುತ್ತಾರೆ, ಆಮೇಲೆ ಪಕ್ಕದವರಿಗೆ ಹೇಳುತ್ತಾರೆ, ಆಮೇಲಷ್ಟೇ ಎಲ್ಲರ ಮುಂದೆ. ಪಕ್ಕದವರ ಜೊತೆ ಮನೆಭಾಷೆಯಲ್ಲಿ ಮಾತಾಡಿಕೊಂಡರೂ ನನಗೆ ಅಡ್ಡಿಯಿಲ್ಲ. ಬರೆದು ತೋರಿಸುವವರಿಗೆ ಒಂದು ದಾರಿ, ಕಿವಿಯಲ್ಲಿ ಹೇಳುವವರಿಗೆ ಒಂದು, ಎದ್ದು ಕೂಗುವವರಿಗೂ ಒಂದು. ಯಾರು ಯಾವ ಹಿನ್ನೆಲೆ ಅಂತ ಗೊತ್ತಿಲ್ಲದೆ ಇದ್ದರೂ ಇದು ನಡೆಯುತ್ತದೆ. ಪಾಠ ಹಿಂದೆ ಬಿದ್ದಿಲ್ಲ, ಯಾಕೆಂದರೆ ಮತ್ತೆ ಮತ್ತೆ ಹೇಳುವುದು ಕಡಿಮೆ ಆಯಿತು.

ಈ ಎಳೆಯಲ್ಲಿ ಯಾರೂ ಹೇಳದ ಒಂದು ವಿಷಯ ಇದೆ, ಅದು ನನಗೆ ಬಹಳ ಮುಖ್ಯ. ಎಲ್ಲವೂ ಸಂಸ್ಕೃತಿ ಅಲ್ಲ. ಮಗು ಸುಮ್ಮನಿದ್ದರೆ ಕಿವಿ ಸರಿಯಾಗಿ ಕೇಳುತ್ತದಾ ಅಂತಲೂ ನೋಡಬೇಕು. ಹಲಗೆ ಕಾಣುತ್ತದಾ? ರಾತ್ರಿ ನಿದ್ದೆ ಆಗಿದೆಯಾ, ಯಾರಾದರೂ ಗೇಲಿ ಮಾಡುತ್ತಿದ್ದಾರಾ, ಮನೆಯಲ್ಲಿ ಚಿಕ್ಕ ತಮ್ಮನನ್ನು ನೋಡಿಕೊಳ್ಳುವ ಕೆಲಸ ಇವಳ ಮೇಲೇ ಇದೆಯಾ? "ಅವರ ಕಡೆಯವರು ಹಾಗೇ" ಅನ್ನುವ ಮಾತು ಇದೆಯಲ್ಲ, ಅದು ಇವೆಲ್ಲವನ್ನೂ ಮುಚ್ಚಿಬಿಡುತ್ತದೆ. ಕೈ ತೊಳೆದುಕೊಳ್ಳಲು ಸುಲಭ ಆಗುತ್ತದೆ. ಆಮೇಲೆ ಆ ಮಗುವಿನಿಂದ ನಾವು ಕಡಿಮೆ ನಿರೀಕ್ಷೆ ಮಾಡುತ್ತೇವೆ, ಸುಲಭದ ಕೆಲಸ ಕೊಡುತ್ತೇವೆ, ಅದನ್ನೇ ಪ್ರೀತಿ ಅಂದುಕೊಳ್ಳುತ್ತೇವೆ. ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್ 1995ರಲ್ಲಿ ಮಕ್ಕಳ ಸಂಸ್ಕೃತಿಗೆ ಹೊಂದುವ ಬೋಧನೆ ಬಗ್ಗೆ ಬರೆದಾಗ ಮೂರು ಬೇಡಿಕೆ ಇಟ್ಟರು. ಅದರಲ್ಲಿ ಮೊದಲನೆಯದೇ ಮಕ್ಕಳು ಓದಿನಲ್ಲಿ ಗೆಲ್ಲಬೇಕು ಅನ್ನುವುದು. ಹಬ್ಬ ಆಚರಿಸಿ, ವೇಷ ಹಾಕಿಸಿ, ಲೆಕ್ಕ ಬರದೆ ಮುಂದಿನ ತರಗತಿಗೆ ಕಳಿಸಿದರೆ ಅದು ಗೌರವ ಅಲ್ಲ.

ಎರಡು ಮನೆಭಾಷೆ

ಕಪ್ಪುಹಲಗೆ ಅವರು ಹೇಳಿದ್ದಕ್ಕೆ ನೂರು ಸಲ ಹೌದು. ನನಗೆ ಸುಲಭದ ಪ್ರಶ್ನೆ ಕೊಡುತ್ತಿದ್ದರು. ಅದು ಮಗುವಿಗೆ ಗೊತ್ತಾಗುತ್ತದೆ.

ಹೊಸ ಟೀಚರ್

ಎರಡು ಪ್ರಶ್ನೆ ಉಳಿದಿದೆ. ಮೊದಲನೆಯದು ಗುಂಪು ಕೆಲಸ. ಬೇರೆ ಬೇರೆ ಹಿನ್ನೆಲೆಯ ಮಕ್ಕಳನ್ನು ಒಂದು ಗುಂಪಿಗೆ ಹಾಕಿದರೆ ತಾವೇ ಹೊಂದಿಕೊಳ್ಳುತ್ತಾರೆ ಅಂತ ನಮಗೆ ಹೇಳಿದ್ದಾರೆ. ನಾನು ನೋಡಿದ ಗುಂಪಲ್ಲಿ ಒಬ್ಬ ಬರೆದ, ಒಬ್ಬಳು ಮಾತಾಡಿದಳು, ಉಳಿದವರು ಸ್ಕೇಲು ರಬ್ಬರು ಎತ್ತಿಕೊಟ್ಟರು. ಹೊಸದಾಗಿ ಬಂದ ಮಗುವಿಗೆ ಸಿಕ್ಕಿದ್ದು ರಬ್ಬರಿನ ಕೆಲಸ.

ಎರಡನೆಯದು ಪೋಷಕರ ಸಭೆ. ಅಮ್ಮನಿಗೆ ಶಾಲೆಯ ಭಾಷೆ ಬರದಿದ್ದರೆ ಮಗುವೇ ಅನುವಾದ ಮಾಡುತ್ತದೆ. ಅಲ್ಲಿ ನಾನು ಹೇಗೆ ಮಾತಾಡಬೇಕು?

ಪಾಠ ಯೋಜನೆ

ಮೊದಲನೆಯದಕ್ಕೆ. ಬರೀ ಒಟ್ಟಿಗೆ ಕೂರಿಸಿದರೆ ಆಗುವುದಿಲ್ಲ ಅನ್ನುವುದು 1954ರಷ್ಟು ಹಳೆಯ ಮಾತು. ಗುಂಪುಗಳ ನಡುವಿನ ಪೂರ್ವಗ್ರಹ ಕಡಿಮೆ ಆಗಬೇಕಾದರೆ ಅವರ ಭೇಟಿ ಹೇಗಿರಬೇಕು ಅಂತ ಗಾರ್ಡನ್ ಆಲ್‌ಪೋರ್ಟ್ ನಾಲ್ಕು ಷರತ್ತು ಹೇಳಿದರು. ಅಲ್ಲಿ ಎಲ್ಲರ ಸ್ಥಾನ ಸಮ ಇರಬೇಕು, ಗುರಿ ಒಂದೇ ಇರಬೇಕು, ಅದಕ್ಕಾಗಿ ಕೂಡಿ ಕೆಲಸ ಮಾಡಬೇಕು, ಮೇಲಿನವರ ಬೆಂಬಲ ಇರಬೇಕು. ನಿಮ್ಮ ರಬ್ಬರಿನ ಗುಂಪಲ್ಲಿ ಮೊದಲನೆಯದೇ ಇಲ್ಲ.

ಎಲಿಯಟ್ ಆರನ್ಸನ್ ಮತ್ತು ಅವರ ವಿದ್ಯಾರ್ಥಿಗಳು 1971ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಒಂದು ವಿಧಾನ ಮಾಡಿದರು, ಜಿಗ್‌ಸಾ ಅಂತ ಹೆಸರು. ಅಲ್ಲಿನ ಶಾಲೆಗಳಲ್ಲಿ ಬಿಳಿ, ಕಪ್ಪು, ಹಿಸ್ಪಾನಿಕ್ ಮಕ್ಕಳನ್ನು ಆಗಷ್ಟೇ ಒಟ್ಟಿಗೆ ಕೂರಿಸಿದ್ದರು, ಜಗಳ ಜೋರಾಗಿತ್ತು. ಪಾಠವನ್ನು ಐದಾರು ತುಂಡು ಮಾಡಿ ಗುಂಪಿನ ಒಬ್ಬೊಬ್ಬರಿಗೆ ಒಂದು ತುಂಡು ಕೊಡುತ್ತಾರೆ. ಒಂದೇ ತುಂಡು ಸಿಕ್ಕ ಬೇರೆ ಬೇರೆ ಗುಂಪಿನವರು ಮೊದಲು ಸೇರಿ ಅದನ್ನು ಚೆನ್ನಾಗಿ ಓದಿ, ಹೇಳುವುದನ್ನು ಅಭ್ಯಾಸ ಮಾಡುತ್ತಾರೆ. ಆಮೇಲೆ ತಮ್ಮ ಗುಂಪಿಗೆ ಮರಳಿ ಕಲಿಸುತ್ತಾರೆ. ಆ ತುಂಡು ಬೇರೆ ಯಾರ ಹತ್ತಿರವೂ ಇಲ್ಲ, ಆದ್ದರಿಂದ ಎಲ್ಲರೂ ಎಲ್ಲರ ಮಾತು ಕೇಳಲೇಬೇಕು. ಭಾಷೆ ಕಷ್ಟ ಇರುವ ಮಗುವಿಗೆ ಮಧ್ಯದ ಅಭ್ಯಾಸದ ಸುತ್ತು ತುಂಬಾ ಸಹಾಯ. ಅದನ್ನು ಸಮಯ ಇಲ್ಲ ಅಂತ ಬಿಟ್ಟರೆ ಇಡೀ ವಿಧಾನ ಕೆಡುತ್ತದೆ.

ಎರಡು ಮನೆಭಾಷೆ

ಎರಡನೆಯದಕ್ಕೆ ನಾನು ಬರೆಯುತ್ತೇನೆ. ಅಮ್ಮನ ಪಕ್ಕ ನಿಂತು ಅನುವಾದ ಮಾಡಿದ ಮಗು ನಾನೇ.

ಟೀಚರ್ ನನ್ನ ಕಡೆ ನೋಡಿ ಮಾತಾಡುತ್ತಿದ್ದರು. "ಅಮ್ಮನಿಗೆ ಹೇಳು, ನೀನು ಲೆಕ್ಕದಲ್ಲಿ ಹಿಂದೆ ಇದ್ದೀಯ ಅಂತ." ನಾನು ಅಮ್ಮನ ಮುಖ ನೋಡುತ್ತಿದ್ದೆ. ಅಮ್ಮ ಟೀಚರ್ ಮುಖ ನೋಡಿ ತಲೆ ಆಡಿಸುತ್ತಿದ್ದರು, ಸೀರೆ ಸೆರಗು ಬೆರಳಿಗೆ ಸುತ್ತಿಕೊಳ್ಳುತ್ತಾ. ನನ್ನ ತಪ್ಪನ್ನು ನಾನೇ ಹೇಳಬೇಕು, ಟೀಚರ್ ದನಿಯಲ್ಲಿ ಇದ್ದ ಬೇಸರವನ್ನೂ ನಾನೇ ಅಮ್ಮನಿಗೆ ಮುಟ್ಟಿಸಬೇಕಾ ಬೇಡವಾ ಅಂತ ನಾನೇ ನಿರ್ಧರಿಸಬೇಕು. ಅಮ್ಮನಿಗೆ ಕೇಳಬೇಕಾದದ್ದು ಬಹಳ ಇತ್ತು. ಮನೆಗೆ ಹೋಗುವ ದಾರಿಯಲ್ಲಿ ಎಲ್ಲ ನನ್ನನ್ನು ಕೇಳಿದರು.

ಅದಕ್ಕೆ ನನ್ನ ಬೇಡಿಕೆ ಇಷ್ಟು. ಮಗುವಿನ ಓದು ಅಥವಾ ನಡತೆ ಬಗ್ಗೆ ಮಾತಾಡುವಾಗ ಮಗುವನ್ನು ಅನುವಾದಕ್ಕೆ ಕೂರಿಸಬೇಡಿ. ಆ ಭಾಷೆ ಬರುವ ಇನ್ನೊಬ್ಬ ದೊಡ್ಡವರನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಯಾರು ಅನುವಾದ ಮಾಡಿದರೂ ನೀವು ನೋಡಬೇಕಾದದ್ದು ಅಮ್ಮನನ್ನು. ಎರಡು ಚಿಕ್ಕ ವಾಕ್ಯ ಹೇಳಿ, ನಿಲ್ಲಿಸಿ. ಗಾದೆ, ತಮಾಷೆ ಬೇಡ. ಮೊದಲ ಮಾತು ಅವರದಾಗಲಿ, "ನಿಮ್ಮ ಮಗು ಮನೆಯಲ್ಲಿ ಏನು ಚೆನ್ನಾಗಿ ಮಾಡುತ್ತದೆ?" ಅಂತ ಕೇಳಿ ಶುರು ಮಾಡಿ. "ಅರ್ಥ ಆಯಿತಾ?" ಅಂದರೆ ಎಲ್ಲ ಅಮ್ಮಂದಿರೂ ತಲೆ ಆಡಿಸುತ್ತಾರೆ, ಅದು ಟೀಚರ್‌ಗೆ ಕೊಡುವ ಮರ್ಯಾದೆ. ಅದರ ಬದಲು "ಈಗ ಮನೆಯಲ್ಲಿ ಏನು ಮಾಡೋಣ ಅಂತಿದ್ದೀರಿ?" ಅಂತ ಕೇಳಿ. ಉತ್ತರದಲ್ಲೇ ಗೊತ್ತಾಗುತ್ತದೆ.

ಓದುಗ ಒಬ್ಬ

ಮನೆಯಲ್ಲಿ ಏನು ಚೆನ್ನಾಗಿ ಮಾಡುತ್ತದೆ ಅನ್ನುವ ಪ್ರಶ್ನೆ ಬಹಳ ದೊಡ್ಡದು. ಅರಿಜೋನಾದ ಟೂಸಾನ್‌ನಲ್ಲಿ ಲೂಯಿಸ್ ಮೋಲ್ ಮತ್ತು ಜೊತೆಯವರು ಟೀಚರ್‌ಗಳನ್ನೇ ಮಕ್ಕಳ ಮನೆಗೆ ಕಳಿಸಿದರು, ದೂರು ಹೇಳಲು ಅಲ್ಲ, ಕಲಿಯಲು. ಮೆಕ್ಸಿಕನ್ ಮೂಲದ ಕಾರ್ಮಿಕ ಕುಟುಂಬಗಳಲ್ಲಿ ಬೇಸಾಯ, ಗಣಿ, ಕಟ್ಟಡ, ವ್ಯಾಪಾರ, ಔಷಧಿಯ ಜ್ಞಾನ ತುಂಬಿತ್ತು. 1992ರಲ್ಲಿ ಅದನ್ನು ಬರೆದರು. ಟೀಚರ್‌ಗಳು ಆ ಜ್ಞಾನದ ಮೇಲೆ ಪಾಠ ಕಟ್ಟಿದರು.

ಮೂರನೇ ಬೆಂಚು

ಹೊಸ ಟೀಚರ್, ಡೈರಿ ಇಡುವುದಾದರೆ ಯುರೋಪಿನ ದೇಶಗಳ ಸಂಸ್ಥೆಯಾದ ಕೌನ್ಸಿಲ್ ಆಫ್ ಯುರೋಪ್ 2009ರಲ್ಲಿ ತಂದ ಪ್ರಶ್ನೆಗಳ ಸರಣಿ ಇದೆ, ಬೇರೆ ಸಂಸ್ಕೃತಿಯವರ ಜೊತೆಗಿನ ಭೇಟಿಗಳ ಬಗ್ಗೆ ತಾನೇ ಬರೆದುಕೊಳ್ಳಲು ಮಾಡಿದ್ದು. ಏನಾಯಿತು, ಯಾರಿದ್ದರು, ನನಗೆ ಹೇಗನಿಸಿತು, ಎದುರಿನವರಿಗೆ ಹೇಗನಿಸಿರಬಹುದು, ಈಗ ನೋಡಿದರೆ ಏನು ಕಾಣುತ್ತದೆ, ಹೀಗೆ ಹೋಗುತ್ತದೆ. ನಾಲ್ಕನೆಯದನ್ನು ಬರೆಯದೆ ಬಿಡುವ ಆಸೆ ಬರುತ್ತದೆ. ಬಿಡಬೇಡಿ.

ಐವತ್ತು ಮಕ್ಕಳು

ಬರೆದು, ಪಕ್ಕದವರಿಗೆ ಹೇಳಿ, ಆಮೇಲೆ ಎಲ್ಲರ ಮುಂದೆ ಅನ್ನುವುದನ್ನು ಇವತ್ತು ಒಂದು ಪೀರಿಯಡ್‌ನಲ್ಲಿ ಮಾಡಿದೆ. ಗದ್ದಲ ಆಯಿತು. ಆದರೆ ಈ ವರ್ಷ ಒಮ್ಮೆಯೂ ಬಾಯಿ ಬಿಡದ ಹುಡುಗ ಪಕ್ಕದವನಿಗೆ ಚಿತ್ರ ಬರೆದು ವಿವರಿಸುತ್ತಿದ್ದ. ನಾಳೆಯೂ ಮಾಡುತ್ತೇನೆ.

ಹೊಸ ಟೀಚರ್

ಸರ್, ಮೇಡಂ, ಎಲ್ಲರಿಗೂ ಧನ್ಯವಾದ. ಮುಂದಿನ ಅಭ್ಯಾಸ ಬೋಧನೆಗೆ ಹೀಗೆ ಅಂದುಕೊಂಡಿದ್ದೇನೆ. ನನ್ನ ಪಾಠವನ್ನು ರೆಕಾರ್ಡ್ ಮಾಡಿ ಪ್ರಶ್ನೆಯ ನಂತರ ಎಷ್ಟು ಹೊತ್ತು ಕಾಯುತ್ತೇನೆ ಅಂತ ಅಳೆಯುವುದು. ದಿನಕ್ಕೆ ಒಂದು ಮಗುವಿನ ಬಗ್ಗೆ ಮೂರು ಭಾಗ ಮಾಡಿ ಬರೆಯುವುದು. ಆಮೇಲೆ ಅದನ್ನು ಅಲ್ಲಿನ ಟೀಚರ್‌ಗೆ ತೋರಿಸಿ, ಅವರಿಗೆ ಬೇರೆ ಅರ್ಥ ಕಾಣುತ್ತದಾ ಅಂತ ಕೇಳುವುದು. ಏನಾದರೂ ಬಿಟ್ಟಿದ್ದೇನಾ?

ಪಾಠ ಯೋಜನೆ

ರೆಕಾರ್ಡ್ ಮಾಡಲು ಶಾಲೆಯ ಒಪ್ಪಿಗೆ ಮೊದಲು ತೆಗೆದುಕೊಳ್ಳಿ, ಧ್ವನಿ ಮಾತ್ರ ಸಾಕು, ವಿಡಿಯೋ ಬೇಡ. ಅಳೆದ ಮೇಲೆ ಅಳಿಸಿಬಿಡಿ. ಡೈರಿಯಲ್ಲಿ ಮಕ್ಕಳ ಹೆಸರು ಬರೆಯಬೇಡಿ, ಜಾತಿ ಧರ್ಮವನ್ನಂತೂ ಮೊದಲ ಭಾಗದಲ್ಲಿ ಬರೆಯಲೇಬೇಡಿ, ಅದು ಕಂಡದ್ದಲ್ಲ. ಅಲ್ಲಿನ ಟೀಚರ್‌ಗೆ ತೋರಿಸುವಾಗ "ನನಗೆ ಹೀಗೆ ಕಂಡಿತು, ನಿಮಗೆ ಈ ಮಗು ಜಾಸ್ತಿ ಗೊತ್ತು" ಅಂತ ಶುರು ಮಾಡಿ. ಅವರಿಗೆ ನಿಜವಾಗಿಯೂ ಜಾಸ್ತಿ ಗೊತ್ತಿರುತ್ತದೆ.